ಲಿಂಡ್‌ವಿಕ್‌ನವರು ಬರುವ ಸೋಮವಾರ

ಹೊಳೆಬಸಾಪುರ
೧೪ ನವೆಂಬರ್ ೨೦೨೫, ಶುಕ್ರವಾರ

ಸೃಷ್ಟಿಯ ಅಪ್ಪನಿಗೆ,

ಕಾವೇರಿ ಮಾಡುವ ನಮಸ್ಕಾರ. ಇಲ್ಲಿ ನಾವೆಲ್ಲ ಕ್ಷೇಮ ಅಂತ ಬರೆದರೆ ಸುಳ್ಳಾಗುತ್ತದೆ, ಅದಕ್ಕೇ ಅದನ್ನು ಬಿಟ್ಟು ಮುಂದಕ್ಕೆ ಹೋಗುತ್ತೇನೆ. ನೀವು ಫೋನ್ ಎತ್ತುವುದಿಲ್ಲ. ವಾಟ್ಸಾಪಿನಲ್ಲಿ ಕಳಿಸಿದ್ದನ್ನು ಓದಿದ್ದೀರಿ ಅಂತ ಗೆರೆ ನೀಲಿಯಾಗುತ್ತದೆ, ಉತ್ತರ ಮಾತ್ರ ಇಲ್ಲ. ಮಕ್ತುಮಸಾಬ ಕಾಕಾ ನಾಳೆ ಬ್ಯಾಡಗಿ ಪೇಟೆಗೆ ಟೆಂಪೊ ಒಯ್ಯುತ್ತಾರೆ, ನಿಮ್ಮ ಅಕ್ಕನ ಮನೆ ಅವರ ಹಾದಿಯಲ್ಲೇ ಇದೆ. ಈ ಕಾಗದವನ್ನು ನಿಮ್ಮ ಕೈಯಲ್ಲೇ ಕೊಡಬೇಕು, ನಿಮ್ಮ ಅಕ್ಕನ ಗಂಡ ಹೇಮಪ್ಪಣ್ಣನ ಕೈಗೆ ಕೊಡಬಾರದು ಅಂತ ಹೇಳಿದ್ದೇನೆ. ಕಾರಣ ಮುಂದೆ ಬರುತ್ತದೆ.

ಸೋಮವಾರ ಸ್ವೀಡನ್ನಿನಿಂದ ಲಿಂಡ್‌ವಿಕ್ ಊರಿನವರು ಬರುತ್ತಿದ್ದಾರೆ. ಅವರ ಊರಿಗೂ ನಮ್ಮ ಪಂಚಾಯ್ತಿಗೂ ಆದ ಒಪ್ಪಂದಕ್ಕೆ ಜನರೆದುರು ಹೊಸದಾಗಿ ಸಹಿ ಬೀಳಬೇಕಂತೆ. ಆರಿಸಿಬಂದ ಅಧ್ಯಕ್ಷರೇ ಅದನ್ನು ಮಾಡಬೇಕು, ಇಲ್ಲದಿದ್ದರೆ ಗಟಾರದ ನೀರು ಸೋಸುವ ಎರಡನೆಯ ಹೊಂಡದ ಕೆಲಸ ಅಲ್ಲಿಗೇ ಬಿಟ್ಟಂತೆ ಎಂದು ಅವರ ಮುಖ್ಯಸ್ಥೆ ಇಂಗ್ರಿಡ್ ಬಾಯಿಯವರು ತಿಳಿಸಿದ್ದಾರೆ. ಅವರು ಬಿಟ್ಟರೆ ಕೆಳಗಿನ ಓಣಿಯವರ ಗತಿ ಏನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಈ ಸಲದ ಮಳೆಯಲ್ಲಿ ಗಟಾರದ ನೀರು ಉಚ್ಚಂಗೆವ್ವನ ಒಲೆಯೊಳಗೇ ನುಗ್ಗಿತು. ಇವತ್ತಿಗೂ ಅವಳ ಹೊಸ್ತಿಲ ಮುಂದೆ ನಿಂತು ನಾರುತ್ತಿದೆ. ಅದಕ್ಕೇ ಸೋಮವಾರ ಆ ಅಧ್ಯಕ್ಷರ ಕುರ್ಚಿಯಲ್ಲಿ, ಆರಿಸಿಬಂದ ನಾನೇ ಕುಳಿತುಕೊಳ್ಳುತ್ತೇನೆ. ನೀವೂ ಬರಬೇಕು. ಈ ಎರಡೂ ಒಟ್ಟಿಗೆ ಆಗಬೇಕು ಅಂತಲೇ ಕಾಗದ ಹಿಡಿದು ಕೂತಿದ್ದೇನೆ.

ಮೊದಲು ನಿಮಗೆ ಸಲ್ಲಬೇಕಾದ್ದನ್ನು ಸಲ್ಲಿಸಿಬಿಡುತ್ತೇನೆ, ಜಗಳ ಆಮೇಲೆ. ಹಾವೇರಿಯ ಆ ಮೊದಲ ಸಭೆಗೆ ಅಧ್ಯಕ್ಷರು ಬರಬೇಕು ಅಂತ ಕರೆ ಬಂದಾಗ ನಾನು ಸೀರೆಗೆ ಇಸ್ತ್ರಿ ಮಾಡಿ ಇಟ್ಟುಕೊಂಡಿದ್ದೆ. ನೀವು “ನಿನಗಲ್ಲಿ ಬ್ಯಾಸರಾಗ್ತೈತಿ, ನಾ ಹೋಗಿ ಬರತೇನಿ” ಅಂತ ಬೈಕ್ ಹತ್ತಿದಿರಿ. ನನಗೂ ಒಳಗೊಳಗೇ ಹಾಯೆನಿಸಿತು, ಸುಳ್ಳು ಯಾಕೆ ಹೇಳಲಿ. ಸೀಟು ಹೆಂಗಸಿನದು, ಓಡಾಟ ಗಂಡನದು ಅನ್ನುವುದು ನಮ್ಮ ಕಡೆ ಯಾರಿಗೂ ವಿಚಿತ್ರವಲ್ಲ. ಅದರಲ್ಲೂ ಮಾವನವರು ಅಧ್ಯಕ್ಷರಾಗಿದ್ದ ಮನೆ ಇದು, ಮಗನಿಗೂ ಆ ಕಳೆ ಇದೆ ಅಂತ ಊರೆಲ್ಲ ಹೇಳುತ್ತಿತ್ತು. ನಾನೂ ಹೇಳುತ್ತಿದ್ದೆ.

ಮತ್ತೆ ನೀವು ಮಾಡಿದ ಕೆಲಸವೇನು ಸಣ್ಣದೇ? ಅವರ ಊರಿಗೆ ಕೆರೆ, ನಮ್ಮ ಊರಿಗೆ ತುಂಗಭದ್ರೆ. ಎರಡಕ್ಕೂ ಹೊಲಸು ನೀರು ಸೇರಬಾರದು ಅನ್ನುವುದೇ ಅವರ ನಮ್ಮ ಗೆಳೆತನ. ಅವರು ತೋರಿಸಿಕೊಟ್ಟ ಹಾಗೆ ಮೇಲಿನ ಓಣಿಯ ಗಟಾರದ ನೀರು ಜೊಂಡಿನ ಹೊಂಡದಲ್ಲಿ ನಿಂತು, ಸೋಸಿ, ಆಮೇಲೆ ಹೊಳೆಗೆ ಹೋಗುವಂತೆ ಮಾಡಿದವರು ನೀವು. ಮೇಡ್ಲೇರಿ ಕಡೆಯ ಹೊಳೆದಂಡೆಯಿಂದ ಜೊಂಡನ್ನು ಬೇರುಸಹಿತ ಕಿತ್ತು ತಂದು, ಮೊಣಕಾಲುಮಟ್ಟ ರಾಡಿಗೆ ಇಳಿದು ನೀವೇ ನೆಟ್ಟಿರಿ. ಜನ ನಕ್ಕರು. ನಿಮ್ಮ ಮೈಯ ವಾಸನೆಗೆ ಸೃಷ್ಟಿ ಹತ್ತಿರ ಬರಲೂ ಒಲ್ಲೆ ಅಂದಳು. ಹೊಂಡದ ಆ ಕಡೆಯಿಂದ ತಿಳಿನೀರು ಹರಿದ ದಿನ ನನಗೆ ನಿಮ್ಮ ಮೇಲೆ ಎಷ್ಟು ಹೆಮ್ಮೆಯಾಯಿತೋ! ಅವತ್ತು ಬಾಯಿಬಿಟ್ಟು ಹೇಳಲಿಲ್ಲ, ಈಗ ಹೇಳುತ್ತಿದ್ದೇನೆ.

ಇನ್ನು ಜಗಳ. ಮೊದಲ ಸಲ ಕಂಪ್ಯೂಟರಿನಲ್ಲಿ ಅವರ ಮುಖ ಕಂಡಾಗ ನೀವು “ನಾನ ಇಲ್ಲಿ ಅಧ್ಯಕ್ಷ ನೋಡ್ರಿ” ಅಂದಿರಿ. ರಾಣೆಬೆನ್ನೂರಿನ ಬೇನಜೀರ ಅದನ್ನು ಹಾಗೇ ಇಂಗ್ಲಿಷಿಗೆ ತಿರುಗಿಸಿ ಹೇಳಿದಳು. ಅವಳಿಗೇನು ಗೊತ್ತು, ಅವಳು ಬಂದದ್ದು ಭಾಷೆಯ ಕೆಲಸಕ್ಕೆ. ನಾನು ಪಕ್ಕದಲ್ಲೇ ಚಹಾ ಸೋಸುತ್ತಿದ್ದೆ. ಬಾಯಿತಪ್ಪಿ ಬಂತು ಅಂದುಕೊಂಡೆ. ಆದರೆ ಒಪ್ಪಂದದ ಮೇಲೂ ನಿಮ್ಮ ಹೆಸರೇ ಬಂತು, ನಿಮ್ಮ ಸಹಿಯೇ ಬಿತ್ತು. ಪಿಡಿಒ ಸಾಹೇಬರು ಒಂದು ಸಲ ಕೆಮ್ಮಿ ಸುಮ್ಮನಾದರು. ನಾನು ಕೆಮ್ಮಲೂ ಇಲ್ಲ.

ಜನವರಿಯಲ್ಲಿ ಇಂಗ್ರಿಡ್ ಬಾಯಿ ಮನೆಗೆ ಊಟಕ್ಕೆ ಬಂದದ್ದು ನಿಮಗೆ ನೆನಪಿರಬಹುದು, ನನಗಂತೂ ಮರೆಯುವುದಿಲ್ಲ. ನಾನು ಆರತಿ ಮಾಡಿ, ಕುಂಕುಮ ಹಚ್ಚಿ, ಶೇಂಗಾ ಚಟ್ನಿ ಬಡಿಸುತ್ತಿದ್ದೆ. ಈಕೆಗೂ ಪಂಚಾಯ್ತಿಯ ಕೆಲಸದಲ್ಲಿ ಏನಾದರೂ ಪಾಲಿದೆಯೇ ಅಂತ ಅವರು ಬೇನಜೀರಳ ಮೂಲಕ ಕೇಳಿದರು. ಅವರ ಊರಲ್ಲಿ ಅವರೇ ಮುಖ್ಯಸ್ಥೆ, ಅದಕ್ಕೇ ಕೇಳಿರಬೇಕು. ನೀವು ನಕ್ಕು “ಅಯ್ಯ, ಆಕೀಗೆ ಅದೆಲ್ಲಾ ತಿಳಿಯಂಗಿಲ್ರಿ, ರೊಟ್ಟಿ ಮಾತ್ರ ಭಾಳ ಚೊಲೋ ಮಾಡ್ತಾಳ” ಅಂದಿರಿ. ಎಲ್ಲರೂ ನಕ್ಕರು. ನಾನೂ ನಕ್ಕೆ ನೋಡಿ, ಅದು ನನ್ನನ್ನು ಈಗಲೂ ಸುಡುತ್ತದೆ. ಆಮೇಲೆ ಅಡಿಗೆಮನೆಗೆ ಹೋಗಿ ಸಿಟ್ಟಿಗೆ ಒಂದು ರೊಟ್ಟಿಯನ್ನು ಹೆಂಚಿನ ಮೇಲೆ ಬೇಕಂತಲೇ ಕರಕು ಮಾಡಿದೆ, ಅದನ್ನು ನಿಮ್ಮ ತಾಟಿಗೇ ಹಾಕಿದೆ. ನೀವು ಮಾತಿನ ಭರದಲ್ಲಿ ಅದನ್ನೂ ತಿಂದಿರಿ.

ಅಷ್ಟಕ್ಕೇ ಆಗಿದ್ದರೆ ನುಂಗಿಕೊಂಡು ಇರುತ್ತಿದ್ದೆ. ಆದರೆ ಮಳೆಗಾಲದಲ್ಲಿ ಕೆಳಗಿನ ಓಣಿಯ ಹೆಂಗಸರು ಪಂಚಾಯ್ತಿಗೆ ಹೋಗದೆ ನಮ್ಮ ಹಿತ್ತಲ ಬಾಗಿಲಿಗೆ ಬಂದರು. ಅದೇ ವಾರ ನೀವು ಎರಡನೆಯ ಹೊಂಡವನ್ನು ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಮಾಡಿಸುತ್ತೇನೆ, ಬಂದವರಿಗೆಲ್ಲ ಕಾಣಬೇಕು, ಬೋರ್ಡು ಹಾಕಬೇಕು ಅಂದಿರಿ. ಕೆಳಗಿನ ಓಣಿಯವರು ಒಪ್ಪಿದ್ದಾರೆ ಅಂತ ಲಿಂಡ್‌ವಿಕ್‌ನವರಿಗೂ ಹೇಳಿಬಿಟ್ಟಿದ್ದಿರಿ. ಅವರನ್ನು ಯಾರು ಕೇಳಿದ್ದರು? ನಾನು ಈ ಮಾತು ತೆಗೆದರೆ “ನೀ ರೊಟ್ಟಿ ಬಡಿ” ಅಂದಿರಿ. ಬಡಿದೆ. ಅವತ್ತು ನನ್ನ ಬಡಿತಕ್ಕೆ ಹಿಟ್ಟು ನಾದುವ ಕೊಣಮಿಗೆ ಒಡೆಯದಿದ್ದದ್ದೇ ಹೆಚ್ಚು.

ಅಕ್ಟೋಬರಿನಲ್ಲಿ ನಮ್ಮ ಮನೆಯ ಕಂಪ್ಯೂಟರಿಗೆ ಅವರ ಕರೆ ಬಂದ ದಿನ ನೀವು ರಾಣೆಬೆನ್ನೂರಿನಿಂದ ಇನ್ನೂ ಬಂದಿರಲಿಲ್ಲ. ನಾನೇ ಅದರ ಮುಂದೆ ಕುಳಿತೆ. “ಅಧ್ಯಕ್ಷಳು ನಾನರಿ. ಹೆಸರು ಕಾವೇರಿ. ಹೊಂಡ ಬೇಕಾಗಿದ್ದು ಕೆಳಗಿನ ಓಣ್ಯಾಗ, ಬಸ್ ಸ್ಟ್ಯಾಂಡಿನ್ಯಾಗಲ್ಲ” ಅಂದೆ. ಕರೆಯಲ್ಲೇ ಇದ್ದ ಬೇನಜೀರ ಅದನ್ನು ಒಂದಕ್ಷರ ಬಿಡದೆ ಅವರಿಗೆ ಹೇಳಿದಳು. ಇಂಗ್ರಿಡ್ ಬಾಯಿಯವರ ಮುಖ ಬಿಗಿಯಿತು. ಹಾಗಾದರೆ ಚನ್ನೇಶ ಯಾರು ಅಂತ ಕೇಳಿದರು. “ನನ್ನ ಗಂಡ. ಆ ಜೊಂಡು ಹಚ್ಚಿದಾವ್ರು ಅವರ” ಅಂದೆ. ಅಷ್ಟರಲ್ಲಿ ನೀವು ಹೆಲ್ಮೆಟ್ಟು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದಿರಿ. ನೀವು ಎಷ್ಟು ಕೇಳಿಸಿಕೊಂಡಿರೋ ಗೊತ್ತಿಲ್ಲ. ಮೊದಲನೆಯದನ್ನು ಕೇಳಿದ್ದೀರಿ, ಕೊನೆಯದನ್ನು ಕೇಳಿಲ್ಲ ಅಂತ ನನ್ನ ಅನುಮಾನ, ಅದಕ್ಕೇ ಎರಡನ್ನೂ ಬರೆದಿದ್ದೇನೆ.

ನೀವು ಒದರಾಡಿದ್ದರೆ ನಾನೂ ಒದರಾಡುತ್ತಿದ್ದೆ. ನೀವು ಊಟ ಬಿಟ್ಟು ಮಲಗಿದಿರಿ. ಬೆಳಿಗ್ಗೆ ಬ್ಯಾಗು ಹಿಡಿದು ಹೊರಟಾಗ “ಯಾರ ಮಾತ ಕೇಳಿ ಹಿಂಗ ಮಾಡಿದಿ?” ಅಂತ ಒಂದೇ ಕೇಳಿದಿರಿ. ನೀವು ಬಸ್ಸು ಹತ್ತಿದಿರಿ.

ಅಂದಿನಿಂದ ಊರಲ್ಲಿ ನಾನು ಕುರ್ಚಿಗಾಗಿ ಗಂಡನನ್ನು ಓಡಿಸಿದವಳು. ಹಿಟ್ಟಿನ ಗಿರಣಿಗೆ ಹೋದರೆ ಮಾತು ನಿಲ್ಲುತ್ತದೆ. ಸಭೆ ಕರೆದರೆ ಗಂಡಸು ಸದಸ್ಯರಿಗೆ ಗೋವಿನಜೋಳ ಒಣಗಿಸುವುದೇ ಮುಖ್ಯವಾಗುತ್ತದೆ. ಅವರಲ್ಲೊಬ್ಬ, ಫಕ್ಕೀರೇಶ, ನನ್ನೆದುರಿಗೇ “ಅಧ್ಯಕ್ಷರು ಬ್ಯಾಡಗ್ಯಾಗ ಅದಾರ, ಅವರು ಬಂದಮ್ಯಾಲೆ ನೋಡೋಣ” ಅಂದ. ನಾನು ಯಾರಪ್ಪಾ ಹಾಗಾದರೆ ಅಂತ ಕೇಳಿದೆ. ಅವನು “ವೈನಿ” ಅಂದ, ಅಧ್ಯಕ್ಷಳಲ್ಲ, ಬರೀ ಅತ್ತಿಗೆ! ಸಿಟ್ಟಿಗೆ ನಗುವೇ ಬಂತು. ಮನೆಗೆ ಬಂದು ಅತ್ತೆಯವರಿಗೂ ಸೃಷ್ಟಿಗೂ ಕಾಣದ ಹಾಗೆ ಕಣ್ಣೀರು ಹಾಕಿದೆ.

ನಿಮ್ಮ ಜೊಂಡೂ ಹಳದಿಯಾಗುತ್ತಿದೆ. ನೀರು ಒಳಬರುವ ಬಾಯಿಯಲ್ಲಿ ಏನೋ ಕಟ್ಟಿಕೊಂಡಿದೆ. ನಾನು ಕೋಲು ಹಾಕಿ ನೋಡಿದೆ, ಸರಿಹೋಗಲಿಲ್ಲ. ನೀವು ಅದನ್ನು ಹೇಗೆ ಬಿಡಿಸುತ್ತಿದ್ದಿರಿ ಅಂತ ಒಂದು ದಿನವೂ ನಿಂತು ನೋಡಲಿಲ್ಲವಲ್ಲ ಅಂತ ನನ್ನನ್ನೇ ಬೈದುಕೊಂಡೆ. ಲಿಂಡ್‌ವಿಕ್‌ನವರು ಬಂದು ಕೇಳಿದರೆ ಸಹಿ ಹಾಕಲು ನನಗೆ ಬರುತ್ತದೆ, ಆ ಹೊಂಡದ ಬಗ್ಗೆ ಹೇಳಲು ನಿಮಗೇ ಬರುತ್ತದೆ.

ಈಗ ಹೇಮಪ್ಪಣ್ಣನ ವಿಷಯ. ಮೊನ್ನೆ ಅವರು ಫೋನ್ ಮಾಡಿ ಒಂದು ದಾರಿ ಹೇಳಿದರು. ಎಲ್ಲವೂ ಬೇನಜೀರಳಿಂದ ಆದ ತಪ್ಪು, ‘ಅಧ್ಯಕ್ಷರ ಗಂಡ’ ಅಂದದ್ದನ್ನು ಅವಳೇ ‘ಅಧ್ಯಕ್ಷ’ ಅಂತ ತಿಳಿಸಿದಳು, ಅವಳು ತೋರಿಸಿದಲ್ಲಿ ನೀವು ಸಹಿ ಮಾಡಿದಿರಿ ಅಂತ ನಾನು ಸೋಮವಾರ ಸಭೆಯಲ್ಲಿ ಹೇಳಬೇಕಂತೆ. “ನಿನ್ನ ಕುರ್ಚಿ ನಿನಗ, ಅವನ ಮಾನ ಅವನಿಗೆ. ಹಂಗಂದ್ರ ನಾಳೇನ ಬರತಾನ” ಅಂದರು. ಇದು ನಿಮ್ಮ ಮಾತೋ ಅವರದೋ ನನಗೆ ಗೊತ್ತಿಲ್ಲ. ನಿಮ್ಮದಲ್ಲ ಅಂತ ನಂಬಿದ್ದೇನೆ.

ಒಂದು ದಿನವಿಡೀ ಹಾಗೇ ಹೇಳಿಬಿಡೋಣ ಅನಿಸಿತ್ತು, ಖರೇ ಹೇಳುತ್ತೇನೆ. ನೀವು ಬಂದು ಪಡಸಾಲೆಯಲ್ಲಿ ಕುಳಿತು ಚಹಾ ಕೇಳಿದರೆ ಸಾಕು ಅನಿಸುತ್ತಿತ್ತು. ಆದರೆ ಮಾರನೆಯ ದಿನ ಆ ಹುಡುಗಿ ಬೇನಜೀರಳೇ ಫೋನ್ ಮಾಡಿದಳು. “ಅಕ್ಕಾ, ನಾ ಹೇಳಿದ್ರಾಗ ಎಲ್ಲ್ಯರ ತಪ್ಪಾಗಿತ್ತೇನ್ರಿ? ಇಂಗ್ರಿಡ್ ಬಾಯಿಯವರು ನನ್ನ ಕೇಳಾಕತ್ತಾರ” ಅಂದಳು. ಅವಳ ಮನೆ ನಡೆಯುವುದು ಈ ಕೆಲಸದಿಂದ. ಭಾಷೆ ತಿರುಚಿದವಳು ಅಂತ ಹೆಸರು ಬಂದರೆ ಅವಳನ್ನು ಇನ್ನು ಯಾರು ಕರೆಯುತ್ತಾರೆ? “ನಿಂದೇನೂ ತಪ್ಪಿಲ್ಲವಾ” ಅಂದೆ. ಅದನ್ನೇ ಸೋಮವಾರ ಎಲ್ಲರೆದುರಿಗೂ ಹೇಳುತ್ತೇನೆ. ನಿಮ್ಮ ಮಾನ ಉಳಿಸಲು ಏನು ಬೇಕಾದರೂ ಮಾಡುತ್ತೇನೆ, ಇದೊಂದನ್ನು ಬಿಟ್ಟು.

ಅದರ ಬದಲು ನಾನು ಹೀಗೆ ಯೋಚಿಸಿದ್ದೇನೆ. ನೀವು ಹಾಕಿದ ಸಹಿಯನ್ನು ನಾನು ಸುಮ್ಮನೆ ನೋಡುತ್ತಿದ್ದೆ, ತಪ್ಪು ನಮ್ಮಿಬ್ಬರದು ಅಂತ ನಾನೇ ಮೊದಲು ಹೇಳುತ್ತೇನೆ. ಆಮೇಲೆ ಎಲ್ಲರನ್ನೂ ಹೊಂಡದ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ನೀವು ಮಾತಾಡಿ. ಅಲ್ಲಿ ನಿಮಗಿಂತ ದೊಡ್ಡವರು ಯಾರೂ ಇಲ್ಲ. ನಿಮಗೆ ಅಷ್ಟು ಸಾಲದು ಅನಿಸಿದರೆ ಬರಬೇಡಿ, ನಾನು ತಡೆದುಕೊಳ್ಳುತ್ತೇನೆ. ಬೈಯಲಾದರೂ ಒಂದು ಸಲ ಫೋನ್ ಎತ್ತಿ.

ಸೃಷ್ಟಿ ನಿಮ್ಮ ಹೆಲ್ಮೆಟ್ಟನ್ನು ಗೂಟದಿಂದ ತೆಗೆಯಲು ಬಿಡುತ್ತಿಲ್ಲ. ನಾನೂ ತೆಗೆದಿಲ್ಲ.

ನಿಮ್ಮ ದಾರಿ ನೋಡುತ್ತಿರುವ,
ಕಾವೇರಿ

ತಾ.ಕ.: ಯಾರ ಮಾತು ಕೇಳಿ ಹೀಗೆ ಮಾಡಿದೆ ಅಂತ ಕೇಳಿದ್ದಿರಲ್ಲ, ಉತ್ತರ ಇಲ್ಲಿದೆ. ಹೇಳಬಾರದು ಅಂತ ಮಾತು ಕೊಟ್ಟಿದ್ದೆ, ನಿನ್ನೆ ಅವರೇ ಬರೆ ಅಂದರು. ಆ ದಿನ ಕಂಪ್ಯೂಟರಿನಲ್ಲಿ ಅವರ ಕರೆ ಬಡಿದುಕೊಳ್ಳುವಾಗ ನಾನು ಸುಮ್ಮನೆ ಕುಳಿತಿದ್ದೆ. ಪಕ್ಕದಲ್ಲಿ ಶೇಂಗಾ ಸುಲಿಯುತ್ತಿದ್ದ ನಿಮ್ಮ ಅವ್ವ “ಎತ್ತವಾ. ನನ್ನಂಗ ಆಗಬ್ಯಾಡ” ಅಂದರು. ಹೆಂಗಸರಿಗೆ ಮೀಸಲು ಬಂದ ಮೊದಲ ಸಲ ಈ ಊರಿಗೆ ಅಧ್ಯಕ್ಷಳಾಗಿ ಆರಿಸಿಬಂದವರು ಅವರು, ಮಾವನವರಲ್ಲ. ನೀವಾಗ ಸಣ್ಣವರು. ಊರೆಲ್ಲ ಮಾವನವರನ್ನೇ ಅಧ್ಯಕ್ಷರು ಅಂತ ಕರೆದು, ಕೊನೆಗೆ ಮನೆಯವರೂ ಅದನ್ನೇ ನಂಬಿಬಿಟ್ಟೆವು. ನಿಮ್ಮ ಅವ್ವ ಮನೆಯಲ್ಲೇ ಕೂತು ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಐದು ವರ್ಷ ಕಳೆದರು. ಪಂಚಾಯ್ತಿಯ ಮೆಟ್ಟಿಲು ಒಂದು ದಿನವೂ ಹತ್ತಲಿಲ್ಲವಂತೆ. ನಿನ್ನೆ ನನ್ನ ಜೊತೆ ಅಲ್ಲಿಯವರೆಗೆ ಬಂದು, ಅಂಗಳದಲ್ಲೇ ನಿಂತು, ಬಾಗಿಲಿನಿಂದ ಒಳಗೆ ಕೈ ತೋರಿಸಿ “ನಾ ಅಧ್ಯಕ್ಷಳಿದ್ದಾಗ ಇದ ಕುರ್ಚಿ ಇತ್ತೇನವಾ?” ಅಂತ ಕೇಳಿದರು. ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಸೋಮವಾರ ಅವರೂ ಒಳಗೆ ಬಂದು ಕೂರುತ್ತಾರಂತೆ. ಮೊಣಕಾಲು ನೋವು ನಿಮಗೆ ಗೊತ್ತೇ ಇದೆ, ಮೆಟ್ಟಿಲು ಎತ್ತರ. “ಮಗಾ ಬಂದ್ರ ಆತನ ಕೈ ಹಿಡಕೊಂಡು ಹತ್ತತೇನಿ, ಬರಲಿಲ್ಲಂದ್ರ ನಿನ್ನ ಕೈ ಐತಿ” ಅಂದಿದ್ದಾರೆ.