ಕರುವಿನ ಪಾಲು

ಅಮ್ಮಾ,

ನರಿನ್ ಬೆಟ್ಟದ ಹುಲ್ಲುಗಾವಲಿನಲ್ಲಿ ನೀನಿಲ್ಲದ ಮೊದಲ ಬೇಸಿಗೆ ಇದು. ಇಂದು ಸಂಜೆ ಹಾಲು ಕರೆಯುವಾಗ, ನಿನ್ನ ಹಾಗೆಯೇ ಕೆಚ್ಚಲಿನ ಎರಡು ಮೊಲೆಗಳನ್ನು ಕರುವಿಗೆ ಬಿಟ್ಟೆ. ಮಗಳು ಬೆರ್ಮೆತ್ ಬಟ್ಟಲು ಹಿಡಿದು ನಿಂತಿದ್ದಳು.

“ಅದಕ್ಯಾಕಮ್ಮ ಅಷ್ಟೊಂದು?”

“ಚೆನ್ನಾಗಿ ಕುಡಿದ್ರೆ ಬೇಗ ಹಸು ಆಗುತ್ತೆ ಕಣೇ. ಆಮೇಲೆ ಮನೆತುಂಬ ಹಾಲು.”

“ಅಷ್ಟರಲ್ಲಿ ನಾನು ಮುದುಕಿ ಆಗ್ತೀನಿ!”

ಚಿಕ್ಕವಳಿದ್ದಾಗ ನಾನೂ ಹೀಗೇ ಬಟ್ಟಲು ಹಿಡಿದು ನಿಂತು ಅಳುತ್ತಿದ್ದೆ, ನಿನಗೆ ಕರುವೇ ಮಗಳು ಎನ್ನುತ್ತಿದ್ದೆ. ನಮ್ಮ ಈಗಿನ ಹಸುಗಳೆಲ್ಲ ಅಂದಿನ ಆ ಕರುವಿನ ಸಂತಾನವೇ.

ಆದರೂ ಇಂದು ಕರುವನ್ನು ಎಳೆದು ಕಟ್ಟಿ, ಅದರ ಪಾಲನ್ನೂ ಕರೆದು ಬೆರ್ಮೆತ್‌ಗೆ ಕೊಟ್ಟೆ. ತುಟಿಯ ಮೇಲೆ ಹಾಲಿನ ಮೀಸೆ ಮೂಡುವಂತೆ ಕುಡಿದಳು.

ಕರು ಇನ್ನೂ ಕೂಗುತ್ತಿದೆ. ಕೇಳಲಾಗದೆ ಡೇರೆಯ ಹಿಂದೆ ಬಂದು ಕುಳಿತು ಬರೆಯುತ್ತಿದ್ದೇನೆ. ನಾನು ಅಳುವಾಗ ನೀನೂ ಇಲ್ಲಿಗೇ ಬರುತ್ತಿದ್ದೆ.