ಇಲ್ಲದ ಮಹಡಿಯ ಹೆಜ್ಜೆ ಸದ್ದು

ಮನೆಯಿಂದ (ಇನ್ನೂ ನಮ್ಮದೇ),
ಭಾನುವಾರ ಮಧ್ಯಾಹ್ನ

ಪ್ರೀತಿಯ ಇವಳೇ,

ಬೆಳಗಿನ ಜಾವ ಕೆಟ್ಟ ಕನಸು ಬಿತ್ತು, ಅದಕ್ಕೇ ಮೊದಲು ಕೇಳಿಬಿಡುತ್ತೇನೆ, ಹುಷಾರಾಗಿದ್ದೀಯ ತಾನೆ? ಸೊಂಟ ನೋವು ಹೇಗಿದೆ? ವಾರ್ಡಿಗೆಲ್ಲ ಮಾತ್ರೆ ಹಂಚಿ ನಿನ್ನದನ್ನು ಮಾತ್ರ ಮರೆಯುವವಳು ನೀನು. ಕನಸಿನಲ್ಲಿ ಬ್ರೋಕರ್ ಯಾರಿಗೋ ಮನೆ ತೋರಿಸುತ್ತಿದ್ದ. “ಇದು ಹಾಲ್, ಇದು ಅಡುಗೆಮನೆ, ಇದು ನಾಯಿ, ಇದು ಗಂಡ” ಅಂದ. ಬಂದವರು ನನ್ನನ್ನು ಬೆರಳಿನಿಂದ ಒತ್ತಿ ನೋಡಿ, “ಇದು ಹಳೇದಾಯ್ತು, ತೆಗೆಸಿಬಿಡಿ” ಅಂದರು. ಎದ್ದು ನೀರು ಕುಡಿದೆ, ಗ್ಯಾಸು ಆಫ್ ಆಗಿದೆಯೋ ಎಂದು ನೋಡಿದೆ, ಮತ್ತೊಮ್ಮೆ ನೋಡಿದೆ. “ನಿಮಗೆ ಹೆದರೋಕೆ ಕಾರಣ ಬೇಡ ರೀ, ಬಿಡುವು ಸಾಕು” ಎನ್ನುತ್ತೀಯಲ್ಲ, ನೀನು ಆ ಊರಿನ ಆಸ್ಪತ್ರೆಗೆ ಹೋದ ಮೇಲೆ ಬಿಡುವೇ ಬಿಡುವು. ಫೋನಿನಲ್ಲಿ ನಿನ್ನ ಹಿಂದೆ ಯಾರಾದರೂ ಸಿಸ್ಟರ್ ಸಿಸ್ಟರ್ ಎಂದು ಕೂಗುತ್ತಲೇ ಇರುತ್ತಾರೆ, ನನ್ನ ಮಾತು ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟವನ ಕಾಗದ, ತಪ್ಪಿದ್ದರೆ ತಿದ್ದಿಕೊಂಡು ಓದು.

ಮನೆ ನೋಡಲು ಜನ ಬರುತ್ತಲೇ ಇದ್ದಾರೆ, ಅದಕ್ಕೇನೂ ಕೊರತೆಯಿಲ್ಲ. ಬ್ರೋಕರ್ ಮೊದಲ ದಿನವೇ ಹೇಳಿದ್ದ, “ಪ್ರಾಣಿ ಇತ್ತು ಅನ್ನೋ ಸುಳಿವೂ ಇರಬಾರದು ಸಾರ್. ಕೊಳ್ಳೋರು ಕಣ್ಣಲ್ಲಿ ನೋಡಲ್ಲ, ಮೂಗಲ್ಲಿ ನೋಡ್ತಾರೆ.” ನೀನೂ ಅವನ ಪಕ್ಷವೇ ಹಿಡಿದು, “ಮಾರೋವರೆಗೂ ಎರಡನ್ನೂ ಯಾರ ಹತ್ರಾದ್ರೂ ಬಿಡ್ರೀ” ಅಂದೆ. ಯಾರ ಹತ್ತಿರ ಬಿಡಲಿ ಹೇಳು? ನಮ್ಮ ನಾಯಿ ಹವಾಲ್ದಾರನಿಗೆ ಒಂದು ಕಣ್ಣು ಕಾಣಿಸುವುದಿಲ್ಲ, ಒಂದು ಕಿವಿ ಕೇಳಿಸುವುದಿಲ್ಲ, ಎರಡೂ ಒಂದೇ ಕಡೆಯವು. ಆ ಕಡೆಯಿಂದ ಯಾರು ಬಂದರೂ ಅವನ ಲೆಕ್ಕದಲ್ಲಿ ಕಳ್ಳರು. ಬೇರೆಯವರ ಮನೆಯಲ್ಲಿ ಅವನು ಊಟವನ್ನೇ ಮುಟ್ಟುವುದಿಲ್ಲ. ಇನ್ನು ಅತ್ತೆಮ್ಮನನ್ನು (ಬೆಕ್ಕಿಗೆ ಈ ಹೆಸರಿಟ್ಟವಳು ನೀನೇ, ನಿನ್ನಮ್ಮನ ಮುಂದೆ ನನ್ನನ್ನು ಸಿಕ್ಕಿಸಬೇಡ) ಹೊಸಿಲು ದಾಟಿಸಿದವರು ಇನ್ನೂ ಹುಟ್ಟಿಲ್ಲ. ಮನೆ ಮಾರಿಹೋದರೆ ನಿನ್ನ ಹತ್ತಿರ ಬರುತ್ತೇನೆ, ಅದಕ್ಕೇ ಕಾಯುತ್ತಿದ್ದೇನೆ. ಆದರೆ ನಾಲ್ವರು ಇದ್ದ ಮನೆ ಮಾರಿ ಇಬ್ಬರೇ ಒಂದು ಕಡೆ ಸೇರಿದರೆ ಅದು ಸೇರಿದ ಹಾಗೇನೇ? ನೀನು ಅಲ್ಲಿ ಬಾಡಿಗೆ ಮನೆ ಗೊತ್ತುಮಾಡಿ, ಮಾಲೀಕರಿಗೆ ನಾಯಿ ಬೆಕ್ಕಿನ ವಿಷಯ ಹೇಳಿದ್ದೇನೆ ಎಂದ ದಿನ ನನಗೆ ಬಂದ ನಿದ್ದೆ, ಆಮೇಲೆ ಬಂದಿಲ್ಲ.

ಹಾಗಾಗಿ ಬಿಡುವುದು ಬೇಡ, ಅಡಗಿಸೋಣ ಎಂದುಕೊಂಡೆ. ಬ್ರೋಕರ್ ಫೋನ್ ಬಂದರೆ ಸಾಕು, ಕೆಲಸ ಶುರು. ತಟ್ಟೆಗಳನ್ನು ಬಕೆಟ್ಟಿನೊಳಗೆ ಹಾಕಿ ಬಕೆಟ್ಟನ್ನು ಬೋರಲು ಹಾಕುವುದು, ಹವಾಲ್ದಾರನ ಗೋಣಿಯನ್ನು ಗಿರಾಕಿಗೆಂದು ಅರ್ಧ ಹೊಲಿದ ಹಾಸಿಗೆಯೊಳಗೆ ಸುತ್ತಿಡುವುದು, ಒದ್ದೆ ಕೈಯಿಂದ ಸೋಫಾ ಸವರಿ ಕೂದಲು ತೆಗೆಯುವುದು, ಆಮೇಲೆ ಮನೆ ತುಂಬ ಫಿನಾಯಿಲ್. ಅತ್ತೆಮ್ಮನನ್ನು ಹಿಂದಿನ ಕೋಣೆಯ ಅಟ್ಟಕ್ಕೆ ಏರಿಸಿ ಹಲಗೆ ಮುಚ್ಚುತ್ತಿದ್ದೆ. ಹತ್ತಿ ಮೂಟೆಗಳ ನಡುವೆ ಬೆಚ್ಚಗಿರುತ್ತಾಳೆ ಎಂದು. ಹವಾಲ್ದಾರನನ್ನು ಕರೆದುಕೊಂಡು ಎದುರಿನ ಸೈಕಲ್ ಶಾಪಿನ ಬೆಂಚಿಗೆ ಹೋಗಿ ಕೂರುತ್ತಿದ್ದೆ. ಅಲ್ಲಿ ಕೂತು ನಮ್ಮ ಮನೆಯನ್ನೇ ನೋಡುವುದು ಎಂಥ ವಿಚಿತ್ರ ಗೊತ್ತಾ? ನಾವು ಹಾಕದ ಲೈಟು ತಾನಾಗಿ ಹತ್ತುತ್ತದೆ, ಆರುತ್ತದೆ. ಒಬ್ಬ ಬಂದವನು ಹಾಲ್‌ನಲ್ಲಿ ನಿಂತು ಎರಡು ಸಲ ಕುಪ್ಪಳಿಸಿದ. ಒಬ್ಬಾಕೆ ನಮ್ಮ ಮಲಗುವ ಕೋಣೆಯ ಕಿಟಕಿಯಲ್ಲಿ ನಿಂತು ಏನನ್ನೋ ನೋಡಿದರು, ನೋಡಿದರು, ಮುಗಿಯಲೇ ಇಲ್ಲ. ಅವರು ಹೋದ ಮೇಲೆ ನಾನೂ ಅದೇ ಜಾಗದಲ್ಲಿ ನಿಂತೆ. ಪಕ್ಕದವರ ನೀರಿನ ಟ್ಯಾಂಕು, ಅದರ ಮೇಲೊಂದು ಹರಿದ ಚಾಪೆ, ಅಷ್ಟೇ. ಇಷ್ಟು ವರ್ಷ ಅಲ್ಲಿ ಮಲಗಿ ಎದ್ದವನಿಗೆ ಕಾಣದ್ದು ಆಕೆಗೆ ಏನು ಕಂಡಿತೋ, ಈಗಲೂ ಯೋಚಿಸುತ್ತೇನೆ.

ಅದಕ್ಕಿಂತ ದೊಡ್ಡ ಒಗಟು ಬೇರೆ ಇತ್ತು. ಬಂದವರೆಲ್ಲ ಹಾಲ್‌ನಲ್ಲಿ ನಗುತ್ತಾರೆ, ಅಡುಗೆಮನೆಯಲ್ಲಿ ನಲ್ಲಿ ತಿರುಗಿಸಿ ತಲೆದೂಗುತ್ತಾರೆ, ಹಿಂದಿನ ಕೋಣೆಗೆ ಹೋದವರು ಮಾತ್ರ ಮುಖ ಬಿಳಿಚಿಕೊಂಡು ಹೊರಗೆ ಬರುತ್ತಾರೆ. ಚಪ್ಪಲಿಯನ್ನು ಪೂರ್ತಿ ಮೆಟ್ಟಿಕೊಳ್ಳುವಷ್ಟೂ ತಾಳ್ಮೆಯಿಲ್ಲ. ಬ್ರೋಕರ್, “ನಾನು ಹೇಳಲಿಲ್ವಾ ಸಾರ್, ವಾಸನೆ” ಅಂದ. ಆ ಕೋಣೆಯ ಗೋಡೆಗೆ ಮೂಗಿಟ್ಟು ಮೂಲೆಮೂಲೆ ಮೂಸಿದೆ. ನಾನು ಮೂಸುವುದನ್ನು ನೋಡಿ ಹವಾಲ್ದಾರನೂ ಮೂಸಿದ, ಏನು ಎಂಬಂತೆ ನನ್ನನ್ನೇ ನೋಡಿದ. ಕೊನೆಗೆ ಸೈಕಲ್ ಶಾಪಿನವನನ್ನು ಕರೆತಂದೆ. ಅವನು ಮೂಗು ಅರಳಿಸಿ, “ವಾಸನೆ ಇದೆ ಅಣ್ಣಾ, ಫಿನಾಯಿಲ್‌ದು. ಆಪರೇಷನ್ ಮಾಡಿಸ್ಕೊಳ್ಳೋಕೆ ಬಂದಂಗಾಯ್ತು” ಅಂದ. ಫಿನಾಯಿಲ್ ನಿಲ್ಲಿಸಿದೆ. ಆದರೂ ಜನ ಓಡುವುದು ನಿಲ್ಲಲಿಲ್ಲ.

ಮೊನ್ನೆ ಶುಕ್ರವಾರ ನನಗೆ ಭಯಕ್ಕಿಂತ ಕುತೂಹಲ ಹೆಚ್ಚಾಯಿತು, ನನ್ನ ಜೀವನದಲ್ಲಿ ಇದು ಅಪರೂಪ. ಹವಾಲ್ದಾರನನ್ನು ಶಾಪಿನವನ ವಶಕ್ಕೆ ಕೊಟ್ಟು, ನಾನು ಸೂಜಿ ದಾರ ಹಿಡಿದು ಹಿಂದಿನ ಕೋಣೆಯಲ್ಲೇ ಹಾಸಿಗೆ ಹೊಲಿಯುತ್ತ ಕೂತೆ. ಬಂದವರು ಅಕ್ಕ ತಂಗಿ. ತಂಗಿ ಸ್ಕೂಲಿನಲ್ಲಿ ಟೀಚರ್, ಅಕ್ಕ ದಪ್ಪಗೆ, ಗಟ್ಟಿ ದನಿಯವರು. ಬ್ರೋಕರ್ ನನ್ನನ್ನು ನೋಡಿ ಕಣ್ಣು ಕೆಂಪಗೆ ಮಾಡಿದ, ಆಮೇಲೆ “ಇವರು ಕೆಲಸದವರು, ಮೇಡಂ” ಅಂದುಬಿಟ್ಟ. ಹೋಗಲಿ, ಸುಳ್ಳೇನಲ್ಲ. ಅಷ್ಟರಲ್ಲಿ ತಲೆಯ ಮೇಲೆ ಧಡ್ ಎಂದಿತು. ಆಮೇಲೆ ಏನನ್ನೋ ಎಳೆದ ಹಾಗೆ ಸರ್ರ್ ಎಂದು ಸದ್ದು, ಮತ್ತೆ ಧಡ್. ಟೀಚರಮ್ಮ ಮೇಲೆ ನೋಡಿದರು. ನಾನೂ ನೋಡಿದೆ. ಬ್ರೋಕರ್ ಒಂದು ಗಳಿಗೆಯೂ ತಡವರಿಸದೆ ಹೇಳುತ್ತಾನೆ, “ಏನಿಲ್ಲ ಮೇಡಂ, ಮೇಲಿನ ಮನೆಯವರು ಓಡಾಡ್ತಿದ್ದಾರೆ!”

ಮೇಲಿನ ಮನೆ! ನಮ್ಮ ಮನೆಗೆ! ಇಷ್ಟು ದಿನ ಬಂದವರಿಗೆಲ್ಲ ಅವನು ಇದನ್ನೇ ಹೇಳಿದ್ದಾನೆ ಕಣೇ. ಅವರೆಲ್ಲ ಹೊರಗೆ ಬಂದು ತಲೆಯೆತ್ತಿ ನೋಡಿದ್ದಾರೆ, ಬರೀ ಛಾವಣಿ ಕಂಡಿದೆ, ಹಿಂದಿರುಗಿ ನೋಡದೆ ಓಡಿದ್ದಾರೆ. ಬೆಕ್ಕು ಇದೆ ಎಂದು ಗೊತ್ತಾಗಬಾರದೆಂದು ನಾನೂ ಬ್ರೋಕರೂ ಸೇರಿ ಮನೆಗೆ ದೆವ್ವ ಕಟ್ಟಿದ್ದೆವು. ದಪ್ಪ ಅಕ್ಕ ಮಾತ್ರ ಓಡಲಿಲ್ಲ. ಸೊಂಟದ ಮೇಲೆ ಕೈಯಿಟ್ಟು, “ಮೇಲಿನ ಮನೆನಾ? ಹೊರಗಡೆಯಿಂದ ನೋಡಿದಾಗ ಅಂತಸ್ತೇ ಇರಲಿಲ್ಲ. ನಾವು ಒಳಗೆ ಬಂದ ಮೇಲೆ ಕಟ್ಟಿದ್ರಾ?” ಅಂದರು. ಬ್ರೋಕರ್ ಬೆವರು ಒರೆಸಿಕೊಂಡ. ನನಗೆ ತಡೆಯಲಾಗಲಿಲ್ಲ, “ಬೆಕ್ಕು ತಾಯೀ, ನಮ್ಮ ಬೆಕ್ಕು. ಮನೆ ನಂದೇ” ಅಂದೆ. ಸೂಜಿ ಬೆರಳಿಗೆ ಚುಚ್ಚಿಕೊಂಡಿದ್ದೂ ಗೊತ್ತಾಗಲಿಲ್ಲ.

ಆಕೆ ಏಣಿ ಕೇಳಿದರು. ಕಾಲು ಇಟ್ಟ ಕೂಡಲೇ ಏಣಿ ನರಳಿತು, ನಾನೂ ಬ್ರೋಕರೂ ಎರಡು ಕಡೆ ಹಿಡಿದುಕೊಂಡೆವು. ಹಲಗೆ ಸರಿಸಿ ತಲೆ ಒಳಗೆ ಹಾಕಿದರು. ತಂಗಿ, “ಏನಿದೆ ಅಕ್ಕಾ? ಇಳಿಯೇ, ಬಿದ್ದೀಯ” ಎಂದರೆ, “ಇರೇ ಸುಮ್ನೆ, ಇನ್ನೂ ಕಣ್ಣೇ ಬಿಟ್ಟಿಲ್ಲ” ಅಂದರು. ಮರಿ ಹಾಕಿದ್ದಾಳೆ ಕಣೇ ನಮ್ಮ ಅತ್ತೆಮ್ಮ! ನಾನು ಬಲವಂತವಾಗಿ ಕೂಡಿಹಾಕಿದ ಜಾಗವನ್ನೇ ಬಾಣಂತಿ ಕೋಣೆ ಮಾಡಿಕೊಂಡಿದ್ದಾಳೆ. ಇಷ್ಟು ದಿನದ ಸದ್ದೆಲ್ಲ ಹತ್ತಿ ಮೂಟೆ ಎಳೆದು, ಕಿತ್ತು, ಹಾಸಿಗೆ ಮಾಡಿಕೊಂಡಿದ್ದು. ಹೊಟ್ಟೆ ಊದಿದ್ದನ್ನು ನೋಡಿ ನಾನು ಗಡ್ಡೆ ಎಂದು ಹೆದರಿ ನಿನಗೆ ಹೇಳದೆ ಇಟ್ಟಿದ್ದೆ. ಅದಕ್ಕೆ ಎರಡು ದಿನ ಮೊದಲಿನಿಂದ ಊಟಕ್ಕೆ ಮಾತ್ರ ಇಳಿದು ಹತ್ತಿ ಹೋಗುತ್ತಿದ್ದಳು, ಮುನಿಸು ಎಂದುಕೊಂಡಿದ್ದೆ. ಹಾಸಿಗೆ ಹೊಲಿಯುವವನ ಮನೆಯ ಬೆಕ್ಕು, ಮೆತ್ತೆಯನ್ನು ನನಗಿಂತ ಸಮವಾಗಿ ಹಾಸಿದೆ.

ಆಮೇಲೆ ಆ ಅಕ್ಕ ತಂಗಿ ಮನೆಯನ್ನು ಮೊದಲಿನಿಂದ ನೋಡಿದರು, ಈ ಸಲ ನಾನೇ ತೋರಿಸಿದೆ. ಹಿಂದಿನ ಗೋಡೆ ಮಳೆಗೆ ತೇವ ಹಿಡಿಯುತ್ತದೆ ಎಂದೆ. ಬಚ್ಚಲ ಬಾಗಿಲು ಎತ್ತಿ ಹಾಕಬೇಕು ಎಂದೆ. ಬ್ರೋಕರ್ ಹಿಂದಿನಿಂದ ನನ್ನ ಅಂಗಿ ಜಗ್ಗುತ್ತಲೇ ಇದ್ದ. ಹವಾಲ್ದಾರ ಬಂದ, ಟೀಚರಮ್ಮ ಅವನ ಕಾಣದ ಕಡೆ ನಿಂತಿದ್ದರು, ಬೊಗಳಿದ. “ನನ್ನ ಕ್ಲಾಸಲ್ಲೂ ಹಿಂಗೇ ಒಬ್ಬ ಇದ್ದಾನೆ” ಎನ್ನುತ್ತ ಅವರು ಈ ಕಡೆ ಬಂದು ನಿಂತರು, ಅವನು ಬಾಲ ಆಡಿಸಿದ. ನಿನ್ನೆ ಮತ್ತೆ ಬಂದು ಮನೆ ಒಪ್ಪಿಗೆ ಎಂದರು. ಮರಿಗಳು ಓಡಾಡುವವರೆಗೂ ಖಾಲಿ ಮಾಡುವ ಅವಸರ ಬೇಡ ಎಂದದ್ದೂ ಅವರೇ. ನನಗೆ ಖುಷಿಯಾಗಬೇಕು, ಆಗಿದೆ. ಆದರೆ ಇಷ್ಟು ಸಲೀಸಾಗಿ ಯಾರಾದರೂ ಮನೆ ಕೊಳ್ಳುತ್ತಾರೆಯೇ ಎಂದು ಒಂದು ಕಡೆ ಕೊರೆಯುತ್ತಲೂ ಇದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನೈಟ್ ಡ್ಯೂಟಿ ಮುಗಿಸಿ ಬರುವಾಗ ಒಬ್ಬಳೇ ಬರಬೇಡ. ನಿನ್ನ ಜೊತೆಯ ಸಿಸ್ಟರ್‌ಗಳಿಗೆಲ್ಲ ನನ್ನ ನಮಸ್ಕಾರ ಹೇಳು, ನನ್ನ ಬಗ್ಗೆ ನೀನು ಹೇಳಿರುವುದರಲ್ಲಿ ಅರ್ಧ ಸುಳ್ಳು ಎಂದೂ ಹೇಳು.

ನಿನ್ನ ದಾರಿ ಕಾಯುತ್ತಿರುವ,
ಪುಕ್ಕಲ

ಮರೆತಿದ್ದೆ: ಗುರುವಾರ ಆ ಅಕ್ಕ ತಂಗಿ ಅಡ್ವಾನ್ಸ್ ತರುತ್ತಾರೆ. ಮರಿ ನಾಲ್ಕು. ಒಂದನ್ನು ದಪ್ಪ ಅಕ್ಕ ಏಣಿಯ ಮೇಲೆ ನಿಂತೇ ಆರಿಸಿಕೊಂಡಾಗಿದೆ. ಉಳಿದ ಮೂರು, ತಾಯಿ, ಹವಾಲ್ದಾರ, ನಾನು. ನೀನು ಅಲ್ಲಿನ ಮಾಲೀಕರಿಗೆ ಹೇಳಿದ್ದು ಒಂದು ನಾಯಿ, ಒಂದು ಬೆಕ್ಕು. ಅವರು ಬೇಡವೆಂದರೆ ನಾನು ಅಡ್ವಾನ್ಸ್ ಮುಟ್ಟುವುದಿಲ್ಲ, ಬೇರೆ ಬಾಡಿಗೆ ಮನೆ ಹುಡುಕೋಣ, ನೀನು ಬೈದರೂ ಸರಿ. ಅದಕ್ಕೇ ಗುರುವಾರದೊಳಗೆ ಅವರ ಮನೆಗೇ ಹೋಗಿ ಇನ್ನೊಂದು ಸಲ ಕೇಳು, ಫೋನಿನಲ್ಲಿ ಬೇಡ. ಹೋದ ಸಲ ಬೆಕ್ಕು ಎಂದಾಗ ಅವರು “ಹೂಂ” ಎಂದು ಬಾಯಿಬಿಟ್ಟು ಹೇಳಿದರೋ, ಬರೀ ತಲೆ ಆಡಿಸಿದರೋ? ವಯಸ್ಸಾದವರು ಅಂದಿದ್ದೆ, ಕೆಲವರಿಗೆ ತಲೆ ಸುಮ್ಮನೆಯೂ ಆಡುತ್ತಿರುತ್ತದೆ. ಅದೊಂದನ್ನು ಸರಿಯಾಗಿ ನೋಡಿಕೊಂಡು ಬಾ.