ಗುರುವಾರದ ಬಿಳಿ ಡಬ್ಬಿ

೪ ಮಾರ್ಚ್ ೧೯೮೨, ಗುರುವಾರ

ಕೆಲಸದಿಂದ ಬಂದು ಸ್ನಾನ, ಬಟ್ಟೆ, ಕುಚ್ಚಲಕ್ಕಿ ಗಂಜಿ. ಸಲ್ಮಾಬಾದಿನ ಧೂಳು ಇನ್ನೂ ಮೂಗಿನಲ್ಲಿದೆ. ಕಮಲಾಕ್ಷ ಇವತ್ತೂ ಬಿಳಿ ಡಬ್ಬಿ ತಂದ. ಗುಫೂಲ್ ಪೇಟೆಯ ಇಟಾಲಿಯನ್ ಬೇಕರಿಯದ್ದು. ಅಲ್ಲಿಗೆ ಹಾಲು, ಮೈದಾ ಹಾಕುವ ವ್ಯಾನ್ ಓಡಿಸುವವನು ಇವನು. ಅಂಗಡಿಯವಳು ರೊಸಾಲಿಯಾ ಎಂಬ ವಿಧವೆ. ಪುಕ್ಕಟೆ ಕೊಟ್ಟಳಂತೆ. ಪುಕ್ಕಟೆ! ಈ ಗಲ್ಫಿನಲ್ಲಿ ಕುಡಿಯುವ ನೀರಿಗೂ ಕಾಸು ಕೊಡಬೇಕು.

ಇವನು ನನ್ನ ತಂಗಿ ಅಮ್ಮುವನ್ನು ಮದುವೆಯಾಗುವವನು. ಅಪ್ಪ ಇಲ್ಲ — ಧಾರೆ ಎರೆಯಬೇಕಾದವನು ನಾನು. ಕಣ್ಣಿಡಬೇಡವೇ?

೫ ಮಾರ್ಚ್

ಕೆಳಗಿನ ಚಾ ಅಂಗಡಿಯ ಮೊಯಿದಿನ್ ಬೆಂಕಿಗೆ ತುಪ್ಪ ಸುರಿದ. "ಹೆಂಗಸು ಸುಮ್ಮನೆ ಸಿಹಿ ಕೊಡುದಾ ಲೋಕಯ್ಯಣ್ಣ? ಎಂತದೋ ಉಂಟು."

ನನ್ನ ಮನಸ್ಸಿನಲ್ಲಿದ್ದದ್ದೂ ಅದೇ. ಕೈವಿಷ. ಊರಲ್ಲಿ ಕಂಡಿಲ್ಲವೇ... ಸಿಹಿಯಲ್ಲಿ ಮದ್ದು ಬೆರೆಸಿ ತಿನ್ನಿಸುತ್ತಾರೆ. ಗಂಡಸು ಮನೆಮಠ ಮರೆತು ತಿನ್ನಿಸಿದವಳ ಹಿಂದೆ ಸುತ್ತುತ್ತಾನೆ. ಡಬ್ಬಿ ಬಿಚ್ಚಿದೆ. ಕರಿದ ಕೊಳವೆ, ಒಳಗೆ ಗಿಣ್ಣಿನಂಥ ಬಿಳಿ. ಮೇಲೆ ಪುಡಿ. ಎಂಥ ಪುಡಿ? ಎಲ್ಲ ಕಸದ ಡ್ರಮ್ಮಿಗೆ ಹಾಕಿದೆ.

೧೨ ಮಾರ್ಚ್

ನಿನ್ನೆ ಮತ್ತೆ ಡಬ್ಬಿ. ಕಮಲಾಕ್ಷನಿಗೆ ಒತ್ತಾಯದಿಂದ ಕಾಳುಮೆಣಸಿನ ಕಷಾಯ ಕುಡಿಸಿದೆ. ಮದ್ದು ಹೊಟ್ಟೆಗೆ ಹೋಗಿದ್ದರೆ ವಾಂತಿಯಾಗಿ ಹೊರಬರಬೇಕು. ಬರಲಿಲ್ಲ.

"ನಾನು ಅದನ್ನು ಮುಟ್ಟುದೇ ಇಲ್ಲ ಮಾರಾಯ್ರೆ. ಶುಕ್ರವಾರ ಅಂಗಡಿ ಬಂದ್, ಉಳಿದದ್ದು ಕೊಡ್ತಾರೆ. ನಿಮಗೆ ಅಂತ ತರುದು, ಭಾವ."

ನಂಬಲಿಲ್ಲ. ಊರಿನ ಮಾತೆತ್ತಿದರೆ ಆಕಳಿಸುತ್ತಾನೆ. ಅದೇ ಲಕ್ಷಣ.

೧೮ ಮಾರ್ಚ್, ಗುರುವಾರ

ಅರ್ಧ ದಿನ ರಜೆ ಹಾಕಿ ಗುಫೂಲಿಗೆ ಹೋದೆ. ಬಾಗಿಲಲ್ಲೇ ನಿಂತು ಹೇಳಿದೆ — "ಕಮಲಾಕ್ಷ, ಮೈ ಸಿಸ್ಟರ್ ಹಸ್ಬೆಂಡ್!" ದಪ್ಪ ಹೆಂಗಸು, ಮೊಣಕೈವರೆಗೆ ಮೈದಾ. ನಕ್ಕಳು. ಸ್ಟೂಲ್ ಎಳೆದು ಕೂರಿಸಿ ಮುಂದೆ ಪ್ಲೇಟ್ ಇಟ್ಟಳು. ಚಿರೋಟಿಯ ಹಾಗೆ ಪದರ ಪದರ. ಏನೋ ಹೆಸರು ಹೇಳಿದಳು, ನಾಲಿಗೆಗೆ ಹತ್ತಲಿಲ್ಲ. ಪರೀಕ್ಷೆಯೂ ಆದೀತು ಎಂದು ಕಚ್ಚಿದೆ.

ಬಿಸಿ. ಹೊರಗೆ ಗರಿಗರಿ. ಒಳಗೆ ಕಿತ್ತಳೆ ಸಿಪ್ಪೆಯ ಘಮ, ದಾಲ್ಚಿನ್ನಿ, ಮೆತ್ತನೆ ಹಾಲಿನದೇನೋ... ಅಯ್ಯೋ.

"ಗುಡ್?" ಎಂದಳು. ಕೊನೆಯ ಚೂರು ಮುಗಿಯುವವರೆಗೂ ಎದುರೇ ನಿಂತು ನೋಡಿದಳು. ಇಷ್ಟು ವರ್ಷ ಮೆಸ್ಸಿನಲ್ಲಿ ಉಂಡೆ. ರುಚಿಯಾಯಿತೇ ಎಂದು ಒಬ್ಬರೂ ಕೇಳಿರಲಿಲ್ಲ. ಕಣ್ಣು ತುಂಬಿತು. ಕಿತ್ತಳೆ ಸಿಪ್ಪೆಯ ಘಾಟು ಇರಬೇಕು.

ಬೈಯಲು ಹೋದವನು ಬೈಯದೆ ಬಂದೆ.

೨೫ ಮಾರ್ಚ್, ಗುರುವಾರ

ಬಾಕಿ ಉಳಿದದ್ದನ್ನು ಹೇಳಿಬಿಡೋಣ ಎಂದು ಹೋದೆ. ಹೇಳಲಿಲ್ಲ. ಇವತ್ತು ಕೊಳವೆ, ಎರಡು. ಒಂದೇ ಸಲಕ್ಕೆ ಪರೀಕ್ಷೆ ಪೂರ್ತಿಯಾಗುವುದಿಲ್ಲ.

೧ ಏಪ್ರಿಲ್, ಗುರುವಾರ

ಹೋದೆ.

೮ ಏಪ್ರಿಲ್, ಗುರುವಾರ

ಹೋದೆ. ಮದುವೆಗೆಂದು ಹೊಲಿಸಿದ ಶರ್ಟ್ ಹಾಕಿಕೊಂಡು. ಮೊಯಿದಿನ್ ನೋಡಿ ನಕ್ಕ. ಅವನಿಗೇನು?

೨೦ ಏಪ್ರಿಲ್, ಸಂಜೆ

ಕಮಲಾಕ್ಷ ಟಿಕೆಟ್ ವಿಷಯ ಎತ್ತಿದ. ಬರುವ ಸೋಮವಾರದ ವಿಮಾನ, ಬೊಂಬಾಯಿ ಮೇಲಿಂದ ಊರಿಗೆ. ಅಷ್ಟು ಅವಸರ ಯಾಕೆ ಎಂದೆ. ಆ ವಾರದ ಗುರುವಾರ ಒಂದು ಕಳೆಯಲಿ, ಶುಕ್ರವಾರ ಹೊರಡುವ.

ಅವನು ನನ್ನನ್ನೇ ನೋಡಿದ. ನಗುತ್ತಾನೆ ಎಂದುಕೊಂಡೆ. ನಗಲಿಲ್ಲ.

"ಭಾವ... ಆ ಗುರುವಾರವೇ ಅಲ್ವಾ ಧಾರೆ?"

ಆ ಮುಹೂರ್ತ ಇಡಿಸಿದವನೇ ನಾನು. ಅಮ್ಮುವಿನ ಕೈಗೆ ನೀರೆರೆಯಬೇಕಾದವನು. ಸ್ವಂತ ತಂಗಿಯ ಮದುವೆಯ ದಿನ ನನಗೆ ಮರೆತುಹೋಗಿತ್ತು. ಹೆದರಿಕೆಯಾಗುತ್ತಿದೆ.

ಕಮಲಾಕ್ಷ ಎದ್ದು ಅಡುಗೆಕೋಣೆಗೆ ಹೋದ. ಕಾಳುಮೆಣಸು ಕುಟ್ಟುತ್ತಿದ್ದಾನೆ. ಕೊಟ್ಟರೆ ಕುಡಿಯುತ್ತೇನೆ, ಎಷ್ಟು ಖಾರವಿದ್ದರೂ. ಆದರೆ ವಾಂತಿಯಾಗದಿದ್ದರೆ, ಹೊಟ್ಟೆಯಲ್ಲಿ ಮದ್ದೇ ಇಲ್ಲವೆಂದಾದರೆ—